ಹೊಬೋಕನ್ನಿನ ಬಯಲು

ನ್ಯೂಜೆರ್ಸಿಯ ಹೊಬೋಕನ್ ಎಂಬ ಊರಿನಲ್ಲಿ ಹನ್ನೊಂದನೆಯ ಬೀದಿಯೂ ವಾಷಿಂಗ್ಟನ್ ಬೀದಿಯೂ ಕೂಡುವಲ್ಲಿ ಒಂದು ಚೌಕವಿದೆ. ಸುತ್ತಲೂ ಇಟ್ಟಿಗೆಯ ಮನೆಗಳು, ಅಂಗಡಿಗಳು, ಸಿಗ್ನಲ್ಲಿಗೆ ಕಾಯುವ ಕಾರುಗಳು. ಪೂರ್ವಕ್ಕೆ ನಾಲ್ಕು ಹೆಜ್ಜೆ ನಡೆದರೆ ಹಡ್ಸನ್ ನದಿ. ನದಿಯಾಚೆ ಮ್ಯಾನ್‌ಹಟನ್ನಿನ ಗಗನಚುಂಬಿಗಳು. ಈ ಚೌಕದಲ್ಲಿ ಒಂದು ಫಲಕವಿದೆ. 1846ರ ಜೂನ್ 19ರಂದು ಇಲ್ಲಿ ಬೇಸ್‌ಬಾಲ್ ಪಂದ್ಯ ನಡೆಯಿತು ಎಂದು ಅದು ಹೇಳುತ್ತದೆ. ನಾನು ಮಗಳ ಮನೆಗೆಂದು ಹೋದವನು, ಒಂದು ಭಾನುವಾರ ಮೊಮ್ಮಗಳ ಕೈ ಹಿಡಿದುಕೊಂಡು ಆ ಫಲಕದ ಮುಂದೆ ನಿಂತಿದ್ದೆ. ಮೊಮ್ಮಗಳಿಗೆ ಆಗ ಹತ್ತು ವರ್ಷ. ಅವಳ ತಲೆಯ ಮೇಲೆ ಅವಳ ತಂಡದ ಟೋಪಿ. ಹಿಂದಿನ ದಿನವಷ್ಟೇ ಅವಳು ಆಡುವುದನ್ನು ನೋಡಿ, ಏನೊಂದೂ ಅರ್ಥವಾಗದೆ, ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿ ಬಂದಿದ್ದೆ.

"ಅಜ್ಜ, ಇಲ್ಲಿ ಫೀಲ್ಡ್ ಎಲ್ಲಿದೆ?" ಎಂದಳು.

ಬಯಲು ಎಲ್ಲೂ ಇರಲಿಲ್ಲ. ಹತ್ತಿರದಲ್ಲಿ ಒಂದು ಪುಟ್ಟ ಉದ್ಯಾನವಿದೆ, ಹಳೆಯ ಬಯಲಿನ ಹೆಸರನ್ನು ಅದೊಂದು ಉಳಿಸಿಕೊಂಡಿದೆ. ಮಿಕ್ಕದ್ದರ ಮೇಲೆ ಮನೆಗಳು ಎದ್ದವು. ನದಿಯ ಕಡೆಯ ಭಾಗದಲ್ಲಿ 1939ರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಎಂಬ ಕಾಫಿ ಕಾರ್ಖಾನೆ ಬಂತು, 1992ರಲ್ಲಿ ಅದೂ ಮುಚ್ಚಿತು. ಕಾಫಿಯ ಸೀಮೆಯಲ್ಲಿ ಹುಟ್ಟಿದ ನನಗೆ ಈ ಸಂಗತಿ ಕೇಳಿ ಒಂದು ಬಗೆಯ ನಂಟು ಹುಟ್ಟಿತೆಂದರೆ ತಪ್ಪಾಗಲಾರದು. ಅಂತೂ ಆ ಊರಿನ ಇಲ್ಲದ ಬಯಲು ನನ್ನನ್ನು ಹಿಡಿದುಕೊಂಡಿತು. ಉಳಿದ ಎರಡು ತಿಂಗಳು ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ನಾನು ಓದಿದ್ದು ಅದರ ಕಥೆಯನ್ನೇ.

ಆಟವನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಅಮೆರಿಕದವರು ಬಹುಕಾಲ ಒಂದು ಸೊಗಸಾದ ಉತ್ತರ ಕೊಡುತ್ತಿದ್ದರು. 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಆಬ್ನರ್ ಡಬಲ್‌ಡೇ ಎಂಬಾತ, ಮುಂದೆ ಅಂತರ್ಯುದ್ಧದಲ್ಲಿ ಸೇನಾಪತಿಯಾದವನು, ಇದನ್ನು ಸೃಷ್ಟಿಸಿದನೆಂದು. 1905ರಲ್ಲಿ ಇದನ್ನು ತೀರ್ಮಾನಿಸಲು ಒಂದು ಸಮಿತಿಯನ್ನೇ ನೇಮಿಸಿದ್ದರು. ಆಟ ಇಂಗ್ಲೆಂಡಿನಿಂದ ಬಂದದ್ದಲ್ಲ, ಅಪ್ಪಟ ಅಮೆರಿಕದ್ದು ಎಂದು ಸಾಬೀತಾಗಬೇಕಿತ್ತು. ಒಬ್ಬ ಮುದುಕ ಬರೆದ ಪತ್ರವೇ ಅವರಿಗೆ ಸಾಕಾಯಿತು. ಆದರೆ 1839ರಲ್ಲಿ ಡಬಲ್‌ಡೇ ಇದ್ದದ್ದು ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ. ಅವನು ಬಿಟ್ಟುಹೋದ ಬರಹಗಳಲ್ಲಿ ಈ ಆಟವನ್ನು ತಾನು ಕಂಡುಹಿಡಿದೆನೆಂಬ ಮಾತೇ ಇಲ್ಲ. ನನಗೆ ನಗು ಬಂತು. ನಮ್ಮಲ್ಲಿ ಪ್ರತಿ ಬೆಟ್ಟದ ಮೇಲೂ ಭೀಮನ ಹೆಜ್ಜೆ, ಪ್ರತಿ ಹೊಂಡದಲ್ಲೂ ಸೀತೆಯ ಸ್ನಾನ ಇರುವುದಿಲ್ಲವೆ? ಸ್ಥಳಪುರಾಣವಿಲ್ಲದೆ ಯಾವ ಊರೂ ಊರಾಗುವುದಿಲ್ಲ. ಆ ಪುರಾಣದ ಬಲದಿಂದಲೇ ಕೂಪರ್ಸ್‌ಟೌನಿನಲ್ಲಿ 1939ರ ಜೂನ್ 12ರಂದು ಬೇಸ್‌ಬಾಲಿನ ದೊಡ್ಡ ಕೀರ್ತಿಮಂದಿರ ಬಾಗಿಲು ತೆರೆಯಿತು.

ಪುರಾಣವನ್ನು ಬದಿಗಿಟ್ಟರೆ ಉಳಿಯುವುದು ಮಕ್ಕಳ ಆಟ. 1744ರಷ್ಟು ಹಿಂದೆ ಲಂಡನ್ನಿನಲ್ಲಿ ಜಾನ್ ನ್ಯೂಬೆರಿ ಮಕ್ಕಳಿಗಾಗಿ ಅಚ್ಚು ಹಾಕಿದ ಒಂದು ಪುಟ್ಟ ಪುಸ್ತಕದಲ್ಲಿ ಬೇಸ್‌ಬಾಲ್ ಎಂಬ ಹೆಸರೂ ಚಿತ್ರವೂ ಇವೆ. 1791ರಲ್ಲಿ ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಎಂಬ ಊರಿನವರು ಹೊಸದಾಗಿ ಕಟ್ಟಿದ ಪ್ರಾರ್ಥನಾ ಮಂದಿರದ ಕಿಟಕಿ ಗಾಜು ಒಡೆಯದಿರಲೆಂದು, ಅದರ ಸುತ್ತ 80 ಗಜದೊಳಗೆ ಚೆಂಡಾಟವನ್ನು ನಿಷೇಧಿಸಿದರು. ಆ ಪಟ್ಟಿಯಲ್ಲಿ ಬೇಸ್‌ಬಾಲಿನ ಹೆಸರೂ ಇದೆ. ಗಾಜು ಒಡೆಯುವ ಹುಡುಗರು ಎಲ್ಲ ಕಾಲಕ್ಕೂ ಇರುತ್ತಾರೆ. ಚಿಣ್ಣಿಕೋಲಿಗೆ, ಲಗೋರಿಗೆ ಹುಟ್ಟಿದ ದಿನ ಹುಡುಕುವವರು ಯಾರೂ ಇಲ್ಲ. ಹಾಗೆಯೇ ಇದಕ್ಕೂ ಹುಟ್ಟಿದ ದಿನವಿಲ್ಲ. ಅಂಥ ಮಕ್ಕಳಾಟವನ್ನು ದೊಡ್ಡವರು ಕೈಗೆತ್ತಿಕೊಂಡು, ಸಂಘ ಕಟ್ಟಿ, ಲೆಕ್ಕಪುಸ್ತಕ ಇಟ್ಟ ದಿನಗಳು ಮಾತ್ರ ನಮಗೆ ಗೊತ್ತಿವೆ.

ಆ ಲೆಕ್ಕಪುಸ್ತಕಗಳಲ್ಲಿ ಪ್ರಸಿದ್ಧವಾದದ್ದು ನಿಕರ್‌ಬಾಕರ್ ಕ್ಲಬ್ಬಿನದು. ನ್ಯೂಯಾರ್ಕಿನಲ್ಲಿ ಇದಕ್ಕೂ ಮೊದಲೇ ಬೇರೆ ಸಂಘಗಳು ಇದ್ದವು. ಆದರೆ ನಿಯಮಗಳನ್ನು ಬರೆದು, ಜೋಪಾನವಾಗಿಟ್ಟು, ನಮ್ಮ ಕೈಗೆ ಸಿಗುವಂತೆ ಮಾಡಿದವರು ಇವರು. ಗುಮಾಸ್ತರು, ವ್ಯಾಪಾರಿಗಳು, ವೈದ್ಯರು ಇದ್ದ ಗುಂಪು. ಕಚೇರಿ ಮುಗಿದ ಮೇಲೆ ಮ್ಯಾನ್‌ಹಟನ್ನಿನ ಖಾಲಿ ನಿವೇಶನಗಳಲ್ಲಿ ಆಡುತ್ತಿದ್ದರು. ಊರು ಬೆಳೆಯಿತು, ನಿವೇಶನಗಳ ಮೇಲೆ ಮನೆಗಳು ಬಂದವು. ಆಡುವ ಜಾಗ ಹುಡುಕುತ್ತ ಅವರು ದೋಣಿ ಹತ್ತಿ ನದಿ ದಾಟಿ ಹೊಬೋಕನ್ನಿಗೆ ಬಂದರು. ಅಲ್ಲಿ ಸ್ಟೀವನ್ಸ್ ಎಂಬ ಮನೆತನದವರ ವಿಶಾಲವಾದ ತೋಪು, ಹುಲ್ಲುಗಾವಲು ಇತ್ತು. ಅದಕ್ಕೆ ಎಲೀಸಿಯನ್ ಫೀಲ್ಡ್ಸ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಪುಣ್ಯವಂತರು ಸತ್ತ ಮೇಲೆ ಸೇರುವ ತಾಣ ಅದು. ನಾವಾದರೆ ನಂದನವನ ಎನ್ನುತ್ತಿದ್ದೆವು. ನಂದನವನವನ್ನು ನಡೆಸುತ್ತಿದ್ದವರೇ ಅಲ್ಲಿಗೆ ಹೋಗುವ ದೋಣಿಗಳನ್ನೂ ನಡೆಸುತ್ತಿದ್ದರು ಎಂಬುದನ್ನು ಮರೆಯಬಾರದು. ವರ್ಷಕ್ಕೆ 75 ಡಾಲರ್ ಬಾಡಿಗೆ. ಬಾಡಿಗೆ ಕಟ್ಟಲು ಚಂದಾ ಬೇಕು, ಚಂದಾ ಎತ್ತಲು ಸಂಘ ಬೇಕು. ನಮ್ಮೂರಿನ ಗಣಪತಿ ಉತ್ಸವದ ಸಮಿತಿಯೂ ಹುಟ್ಟಿದ್ದು ಹೀಗೆಯೇ.

1845ರ ಸೆಪ್ಟೆಂಬರ್ 23ರಂದು ಅವರು 20 ನಿಯಮಗಳನ್ನು ಅಂಗೀಕರಿಸಿದರು. ಮೊದಲನೆಯ ನಿಯಮ ಆಟದ ಬಗ್ಗೆ ಅಲ್ಲವೇ ಅಲ್ಲ: ಸದಸ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಬರತಕ್ಕದ್ದು. ಸದಸ್ಯರು ಸಾಕಷ್ಟು ಬಾರದಿದ್ದರೆ ಹೊರಗಿನ ಸಭ್ಯರನ್ನು ಸೇರಿಸಿಕೊಳ್ಳಬಹುದು ಎಂದು ಮತ್ತೊಂದು. ಅಂದರೆ ಆಗಲೂ ಆಟದ ದೊಡ್ಡ ಸಮಸ್ಯೆ ಜನ ಕೂಡುವುದೇ ಆಗಿತ್ತು. ಆದರೆ ನನಗೆ ಹಿಡಿಸಿದ್ದು ಹದಿಮೂರನೆಯ ನಿಯಮ. ಅದಕ್ಕೂ ಮೊದಲು ಓಡುವವನನ್ನು ಔಟ್ ಮಾಡಬೇಕೆಂದರೆ ಚೆಂಡನ್ನು ಅವನ ಮೈಗೇ ಬೀಸುವ ರೂಢಿಯಿತ್ತು. ನಮ್ಮ ಲಗೋರಿಯಲ್ಲಿ ಮಾಡುತ್ತೇವಲ್ಲ, ಹಾಗೆ. ಇನ್ನು ಮುಂದೆ ಯಾವ ಸಂದರ್ಭದಲ್ಲೂ ಚೆಂಡನ್ನು ಆಟಗಾರನ ಮೇಲೆ ಎಸೆಯಕೂಡದು ಎಂದು ಇವರು ಬರೆದರು. ಒಂದು ಸಣ್ಣ ವಾಕ್ಯ ಆಟವನ್ನೇ ಬದಲಿಸಿತು. ಮೈಗೆ ಎಸೆಯುವ ಚೆಂಡು ಮೆತ್ತಗಿರಬೇಕಾಗುತ್ತದೆ; ಎಸೆಯುವಂತಿಲ್ಲ ಎಂದಾದ ಮೇಲೆ ಚೆಂಡು ಗಟ್ಟಿಯಾಗಬಹುದು, ಗಟ್ಟಿ ಚೆಂಡು ದೂರ ಹೋಗುತ್ತದೆ, ದೂರ ಹೋದರೆ ಬಯಲು ದೊಡ್ಡದಾಗಬೇಕು. ಬೆನ್ನ ಮೇಲೆ ಬಾಸುಂಡೆ ಏಳಿಸಿಕೊಂಡು ಲಗೋರಿ ಆಡಿದ ನನಗೆ ಈ ನಿಯಮದ ಬೆಲೆ ಯಾರೂ ವಿವರಿಸಬೇಕಾಗಿರಲಿಲ್ಲ.

ಫಲಕದಲ್ಲಿರುವ 1846ರ ಪಂದ್ಯದಲ್ಲಿ ನಿಕರ್‌ಬಾಕರಿನವರು ಸೋತರು. ಅದೂ ನಾಲ್ಕೇ ಇನ್ನಿಂಗ್ಸಿನಲ್ಲಿ, 23ಕ್ಕೆ 1ರ ಅಂತರದಲ್ಲಿ. ತಾವೇ ನಿಯಮ ಮಾಡಿ, ತಾವೇ ಬಯಲು ಹಿಡಿದು, ಎದುರಾಳಿಗಳಿಗೆ ಹೀಗೆ ಶರಣಾದರು. ಆ ದಿನದ ಪುಸ್ತಕದಲ್ಲಿ ಒಬ್ಬ ಆಟಗಾರನಿಗೆ ಕೆಟ್ಟ ಮಾತಾಡಿದ್ದಕ್ಕೆ 6 ಸೆಂಟ್ ದಂಡ ಹಾಕಿದ್ದು ದಾಖಲಾಗಿದೆ. ಅದೇ ಮೊದಲ ಪಂದ್ಯ ಎಂಬ ಮಾತೂ ಪೂರಾ ನಿಜವಲ್ಲ. 1845ರ ಅಕ್ಟೋಬರಿನಲ್ಲಿಯೇ ನ್ಯೂಯಾರ್ಕಿನ ತಂಡವೊಂದು ಬ್ರೂಕ್ಲಿನ್ನಿನ ತಂಡವನ್ನು ಇದೇ ಬಯಲಿನಲ್ಲಿ 24ಕ್ಕೆ 4ರಿಂದ ಸೋಲಿಸಿತ್ತು. ಆಗಿನ ಪತ್ರಿಕೆಯಲ್ಲೇ ಆ ವರದಿ ಇದೆ. ಮೊದಲು ಎಂಬ ಪದವನ್ನು ಕಲ್ಲಿನಲ್ಲಿ ಕೊರೆಯುವವರು ಸ್ವಲ್ಪ ಕಾಯುವುದು ಒಳ್ಳೆಯದು.

ಕ್ಲಬ್ಬಿನ ಸ್ಥಾಪಕನೆಂದು ಲೋಕ ಕೊಂಡಾಡುವುದು ಅಲೆಕ್ಸಾಂಡರ್ ಕಾರ್ಟ್‌ರೈಟನನ್ನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟು, ಕೊನೆಗೆ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ನೆಲೆ ನಿಂತು, 1892ರಲ್ಲಿ ಅಲ್ಲಿಯೇ ತೀರಿಕೊಂಡ. ಕೂಪರ್ಸ್‌ಟೌನಿನ ಕೀರ್ತಿಮಂದಿರದಲ್ಲಿ ಅವನ ಫಲಕವಿದೆ; 90 ಅಡಿ ದೂರದ ಬೇಸುಗಳು, ಒಂಬತ್ತು ಇನ್ನಿಂಗ್ಸು, ಒಂಬತ್ತು ಆಟಗಾರರು, ಎಲ್ಲವೂ ಅವನದೇ ಎಂದು ಅದರಲ್ಲಿ ಬರೆದಿದ್ದಾರೆ. 1845ರ ನಿಯಮಗಳಲ್ಲಿ ಈ ಮೂರೂ ಇಲ್ಲ. ಆಗ ಮೊದಲು 21 ರನ್ ಮಾಡಿದವರು ಗೆದ್ದಂತೆ. ದೂರವನ್ನು ಅಳೆಯುತ್ತಿದ್ದದ್ದು ಹೆಜ್ಜೆಯಲ್ಲಿ.

ನನಗೆ ಇಷ್ಟವಾದವನು ಇನ್ನೊಬ್ಬ: ಡೇನಿಯಲ್ ಲೂಷಿಯಸ್ ಆಡಮ್ಸ್. ವೃತ್ತಿಯಿಂದ ವೈದ್ಯ, ಎಲ್ಲರೂ ಕರೆಯುತ್ತಿದ್ದದ್ದು ಡಾಕ್ಟರ್ ಎಂದೇ. ಹಲವು ಬಾರಿ ಕ್ಲಬ್ಬಿನ ಅಧ್ಯಕ್ಷನಾದ. ಆ ಕಾಲದಲ್ಲಿ ಚೆಂಡು ಮಾರುವ ಅಂಗಡಿ ಇರಲಿಲ್ಲ. ರಬ್ಬರಿನ ಚೂರುಗಳನ್ನು ಉಂಡೆ ಮಾಡಿ, ಮೇಲೆ ಉಣ್ಣೆಯ ದಾರ ಸುತ್ತಿ, ತೊಗಲು ಹೊದಿಸಿ ಈ ಡಾಕ್ಟರೇ ಚೆಂಡು ಮಾಡುತ್ತಿದ್ದ. ತನ್ನ ಕ್ಲಬ್ಬಿಗಷ್ಟೇ ಅಲ್ಲ, ಬೇರೆ ಕ್ಲಬ್ಬುಗಳಿಗೂ. ಹೊಲಿಗೆ ನಿಲ್ಲುತ್ತಿರಲಿಲ್ಲ. ನ್ಯೂಯಾರ್ಕೆಲ್ಲ ಸುತ್ತಿ ಕೊನೆಗೆ ಕುದುರೆಯ ಜೀನು ಹೊಲಿಯುವ ಒಬ್ಬ ಸ್ಕಾಟ್ಲೆಂಡಿನವನನ್ನು ಹಿಡಿದು, ಚಾವಟಿಗೆ ಬಳಸುವ ಕುದುರೆ ತೊಗಲಿನಿಂದ ಹೊದಿಕೆ ಹಾಕುವುದನ್ನು ಕಲಿತನಂತೆ. ಆಗಿನ ಹಗುರ ಚೆಂಡನ್ನು ದೂರದಿಂದ ಎಸೆದರೆ ಪಿಚರನ ತನಕ ತಲುಪುತ್ತಿರಲಿಲ್ಲ. ಅದಕ್ಕಾಗಿ ನಡುವೆ ನಿಂತು ಚೆಂಡು ದಾಟಿಸುವವನೊಬ್ಬ ಬೇಕಾಯಿತು. ಆ ಜಾಗದಲ್ಲಿ ಆಡಮ್ಸ್ ತಾನೇ ನಿಂತ. ಇಂದು ಶಾರ್ಟ್‌ಸ್ಟಾಪ್ ಎಂದು ಕರೆಯುವ ಸ್ಥಾನ ಹುಟ್ಟಿದ್ದು ಹೀಗೆ. 1857ರಲ್ಲಿ 16 ಕ್ಲಬ್ಬುಗಳ ಪ್ರತಿನಿಧಿಗಳು ಸಭೆ ಸೇರಿ 90 ಅಡಿಯನ್ನೂ ಒಂಬತ್ತು ಇನ್ನಿಂಗ್ಸನ್ನೂ ನಿಗದಿ ಮಾಡಿದಾಗ ಅಧ್ಯಕ್ಷತೆ ವಹಿಸಿದ್ದವನು ಇವನೇ. ಆ ಸಭೆಗಾಗಿ ಅವನು ತನ್ನ ಕೈಯಲ್ಲಿ ಬರೆದ ನಿಯಮಗಳ ಹಾಳೆಗಳು 2016ರಲ್ಲಿ ಹರಾಜಿಗೆ ಬಂದು 32 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದವು. ಚೆಂಡು ಹೊಲಿದವನ ಹೆಸರು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಇದನ್ನು ಓದುವಾಗ ನನ್ನ ಅಕ್ಕ ನೆನಪಾದಳು. ನಮ್ಮ ಬಾಲ್ಯದಲ್ಲೂ ಚೆಂಡಿಗೆ ಅಂಗಡಿಯಿರಲಿಲ್ಲ, ಇದ್ದರೂ ದುಡ್ಡಿರಲಿಲ್ಲ. ಸೈಕಲ್ಲಿನ ಹಳೆಯ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಹರಕು ಬಟ್ಟೆಯ ಉಂಡೆಗೆ ಬಿಗಿದು, ಮೇಲೆ ಗೋಣಿ ದಾರದಿಂದ ಹೆಣೆದು ಅಕ್ಕ ಚೆಂಡು ಮಾಡಿಕೊಡುತ್ತಿದ್ದಳು. ಅವಳು ಹೊಲಿದ ಚೆಂಡು ಒಂದು ಮಳೆಗಾಲ ಬಾಳುತ್ತಿತ್ತು. ಕೊಯ್ಲಾದ ಗದ್ದೆಯಲ್ಲಿ ಲಗೋರಿ ಆಡುವಾಗ ಏಳು ಬಿಲ್ಲೆಗಳ ಗೋಪುರವನ್ನು ಒಂದೇ ಏಟಿಗೆ ಕೆಡಹುವ ಗುರಿ ಅವಳದು. ಹನ್ನೆರಡು ತುಂಬಿದ ವರ್ಷ ಅಜ್ಜಿ ಅವಳನ್ನು ಗದ್ದೆಯಿಂದ ಕರೆದಳು. ಆಮೇಲೆ ಅವಳು ಆಡಲಿಲ್ಲ. ಚೆಂಡು ಹೊಲಿಯುವುದು ಮಾತ್ರ ತಪ್ಪಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕುಳಿತು ನಮ್ಮ ಆಟ ನೋಡುತ್ತಿದ್ದಳು. ಇರಲಿ, ಆ ಮಾತು ಆಮೇಲೆ.

ನದಿಯ ಇನ್ನೊಂದು ಬದಿಯ ಬ್ರೂಕ್ಲಿನ್ನಿನಲ್ಲಿ ಆಟ ಬೇರೆ ಜನರ ಕೈಗೆ ಬಂತು. 1854ರಲ್ಲಿ ಎಕ್ಸೆಲ್ಸಿಯರ್, ಮರುವರ್ಷ ಅಟ್ಲಾಂಟಿಕ್, ಎಕ್‌ಫರ್ಡ್, ಪಟ್ನಂ ಹೀಗೆ ಒಂದರ ಹಿಂದೆ ಒಂದು ಕ್ಲಬ್ಬು. ಎಕ್‌ಫರ್ಡ್ ಕ್ಲಬ್ಬಿನವರು ಹಡಗು ಕಟ್ಟುವ ಬಡಗಿಗಳು, ಯಂತ್ರ ಕೆಲಸದವರು. ಒಬ್ಬ ಹಡಗು ನಿರ್ಮಾಪಕನ ಹೆಸರನ್ನೇ ಕ್ಲಬ್ಬಿಗೆ ಇಟ್ಟುಕೊಂಡಿದ್ದರು. ಪಂದ್ಯ ಮುಗಿದ ಮೇಲೆ ಗೆದ್ದವರಿಗೆ ಚೆಂಡೇ ಬಹುಮಾನ. ಆತಿಥೇಯರು ಎದುರಾಳಿಗಳನ್ನು ಕೂರಿಸಿ ಊಟ ಹಾಕಬೇಕು. ದೊಡ್ಡವರ ಕ್ಲಬ್ಬುಗಳ ಮಗ್ಗುಲಲ್ಲೇ ಹುಡುಗರ ಕ್ಲಬ್ಬುಗಳು ಎದ್ದವು. ಅಂಥ ಒಂದು ಕ್ಲಬ್ಬು ನಯಾಗರ, ಇನ್ನೊಂದು ಸ್ಟಾರ್. 1859ರಲ್ಲಿ ಈ ಎರಡರ ನಡುವಿನ ಪಂದ್ಯದಲ್ಲಿ ನಯಾಗರದ ಜೇಮ್ಸ್ ಕ್ರೈಟನ್ ಎಂಬ ಹುಡುಗ ಚೆಂಡನ್ನು ನೆಲದ ಹತ್ತಿರದಿಂದ ವಿಪರೀತ ವೇಗವಾಗಿ ಎಸೆಯತೊಡಗಿದ. ಅಲ್ಲಿಯವರೆಗೆ ಪಿಚರ್ ಎಂದರೆ ಹೊಡೆಯುವವನಿಗೆ ಅನುಕೂಲವಾಗುವಂತೆ ಚೆಂಡು ಹಾಕಿಕೊಡುವವನು. ಈ ಹುಡುಗನ ದೆಸೆಯಿಂದ ಅವನು ಎದುರಾಳಿಯಾದ. ಕ್ರೈಟನ್ ಆಮೇಲೆ ಸ್ಟಾರ್ ಸೇರಿದ, ಅಲ್ಲಿಂದ ಎಕ್ಸೆಲ್ಸಿಯರಿಗೆ ಹೋದ; 1862ರ ಅಕ್ಟೋಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆಟದ ಮೊದಲ ದೊಡ್ಡ ತಾರೆ ಒಂದು ಹುಡುಗರ ಕ್ಲಬ್ಬಿನಿಂದ ಬಂದವನೆಂಬುದು ಗಮನಿಸಬೇಕಾದ ಮಾತು.

ಇತ್ತ ಹಿರಿಯರಲ್ಲಿ ಒಂದು ವಿಚಿತ್ರ ಜಗಳ ನಡೆದಿತ್ತು. ಒಂದು ಸಲ ನೆಲಕ್ಕೆ ಬಡಿದು ಪುಟಿದ ಚೆಂಡನ್ನು ಹಿಡಿದರೂ ಆಗ ಹೊಡೆದವನು ಔಟ್. ಗಾಳಿಯಲ್ಲೇ ಹಿಡಿಯಬೇಕು, ಪುಟಿದದ್ದನ್ನು ಹಿಡಿಯುವುದು ಹುಡುಗರ ಆಟ ಎಂದು ಆಡಮ್ಸ್ ಮತ್ತು ಅವನ ಕ್ಲಬ್ಬಿನವರು ವರ್ಷವರ್ಷವೂ ವಾದಿಸಿದರು, ವರ್ಷವರ್ಷವೂ ಸೋತರು. ಕೈಗವಸಿಲ್ಲದ ಕಾಲ; ಸೋತದ್ದರಲ್ಲಿ ಆಶ್ಚರ್ಯವಿಲ್ಲ. 1865ರ ಹಂಗಾಮಿಗೆ ಅಂತೂ ಅವರ ಮಾತು ಗೆದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟಿಕ್ ಮತ್ತು ಮ್ಯೂಚುಅಲ್ ತಂಡಗಳು ಹೊಬೋಕನ್ನಿನ ಬಯಲಿನಲ್ಲಿ ಆಡಿದ ಪಂದ್ಯಕ್ಕೆ ಜನಸಾಗರವೇ ಸೇರಿತ್ತು. ಮರುವರ್ಷ ಅಚ್ಚಾದ ಒಂದು ಬಣ್ಣದ ಚಿತ್ರ ಇಂದೂ ಮನೆಮನೆಯ ಗೋಡೆಗಳಲ್ಲಿದೆ: ಹಸುರು ಹುಲ್ಲು, ಮರಗಳ ಸಾಲು, ಟೊಪ್ಪಿಗೆ ಹಾಕಿದ ಗಂಡಸರ ಬೇಲಿ.

ಆ ಬೇಲಿಯ ಹೊರಗೆ ಯಾರಿದ್ದರು ಎಂಬುದನ್ನು ಚಿತ್ರ ತೋರಿಸುವುದಿಲ್ಲ. ಫಿಲಡೆಲ್ಫಿಯಾದಲ್ಲಿ ಕಪ್ಪು ಜನರ ಒಂದು ಕ್ಲಬ್ಬಿತ್ತು, ಪಿಥಿಯನ್ ಎಂದು. ಅದರ ನಾಯಕ ಆಕ್ಟೇವಿಯಸ್ ಕ್ಯಾಟೊ, ಶಾಲೆಯ ಅಧ್ಯಾಪಕ. ತನ್ನ ಜನ ಟ್ರಾಮಿನಲ್ಲಿ ಕೂರಬೇಕು, ಮತ ಹಾಕಬೇಕು ಎಂದು ಹೋರಾಡಿದವನು, ಬಿಡುವಿನಲ್ಲಿ ಚೆಂಡಾಡುತ್ತಿದ್ದ. ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿ ಎರಡು ವರ್ಷ ಕಳೆದಿತ್ತು. 1867ರ ಅಕ್ಟೋಬರಿನಲ್ಲಿ ಪಿಥಿಯನ್ನರು ರಾಜ್ಯದ ಸಂಘಕ್ಕೆ ಸದಸ್ಯತ್ವ ಕೇಳಿದರು. ಮತಕ್ಕೆ ಹಾಕಿದರೆ ಸೋಲು ಖಂಡಿತ, ಮರ್ಯಾದೆಯಾಗಿ ಹಿಂದಕ್ಕೆ ತೆಗೆದುಕೊಳ್ಳಿ ಎಂಬ ಸಲಹೆ ಸಿಕ್ಕಿತು, ತೆಗೆದುಕೊಂಡರು. ಡಿಸೆಂಬರಿನಲ್ಲಿ ರಾಷ್ಟ್ರೀಯ ಸಂಘ, ಒಬ್ಬನೇ ಒಬ್ಬ ಕಪ್ಪು ಸದಸ್ಯನಿದ್ದರೂ ಅಂಥ ಕ್ಲಬ್ಬನ್ನು ಸೇರಿಸಿಕೊಳ್ಳಬಾರದೆಂದು ತೀರ್ಮಾನ ಬರೆಯಿತು. ಚೆಂಡನ್ನು ಮನುಷ್ಯನ ಮೈಗೆ ಎಸೆಯಬಾರದೆಂದು ಬರೆದುಕೊಂಡ ಆಟದಲ್ಲಿ ಈ ಮಾತನ್ನೂ ಬರೆದರು. 1869ರ ಸೆಪ್ಟೆಂಬರಿನಲ್ಲಿ ಪಿಥಿಯನ್ನರು ಬಿಳಿಯರ ಒಲಿಂಪಿಕ್ ಕ್ಲಬ್ಬಿನ ಎದುರು ಆಡಿ ಸೋತರು. ಸ್ವಲ್ಪ ದಿನಕ್ಕೆ ಇನ್ನೊಂದು ಬಿಳಿಯರ ತಂಡವನ್ನು 27ಕ್ಕೆ 17ರಿಂದ ಗೆದ್ದರು. 1871ರ ಅಕ್ಟೋಬರ್ 10, ಚುನಾವಣೆಯ ದಿನ, ಕ್ಯಾಟೊನನ್ನು ಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಅವನಿಗೆ ಮೂವತ್ತೆರಡು ವರ್ಷ. ಅವನ ಪ್ರತಿಮೆ ಆ ನಗರದ ಸಭಾಭವನದ ಬಳಿ ನಿಂತದ್ದು 2017ರಲ್ಲಿ.

ಹಣದ ಆಟ ಬಂದ ಮೇಲೆ ಹವ್ಯಾಸಿ ಕ್ಲಬ್ಬುಗಳ ಕಾಲ ಮುಗಿಯಿತು. 1869ರಲ್ಲಿ ಸಿನ್ಸಿನಾಟಿಯ ತಂಡ ಬಹಿರಂಗವಾಗಿಯೇ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟಿತು. 1871ರಲ್ಲಿ ವೃತ್ತಿಪರರ ಸಂಘವೇ ಬೇರೆಯಾಯಿತು. ಸಂಬಳ ಕೊಡಬೇಕೆಂದರೆ ಟಿಕೆಟು ಬೇಕು, ಟಿಕೆಟಿಗೆ ಸುತ್ತುಗೋಡೆ ಬೇಕು; ತೆರೆದ ಬಯಲಾದ ಹೊಬೋಕನ್ನಿಗೆ ಸುತ್ತುಗೋಡೆ ಇರಲಿಲ್ಲ. ನಿಕರ್‌ಬಾಕರಿನವರು ದುಡ್ಡಿಗೆ ಆಡಲಿಲ್ಲ; 1882ರಲ್ಲಿ ಸದ್ದಿಲ್ಲದೆ ಕ್ಲಬ್ಬು ಮುಚ್ಚಿದರು. ಆಟ ಮತ್ತೆ ಮಕ್ಕಳಿಗೇ ಉಳಿಯಿತು, ಖಾಲಿ ನಿವೇಶನಗಳಲ್ಲಿ, ಒಡೆಯುವ ಗಾಜುಗಳ ಪಕ್ಕದಲ್ಲಿ.

ಮಕ್ಕಳಿಗೂ ಒಂದು ಸಂಘ ಬೇಕೆಂಬ ಯೋಚನೆ ಇಪ್ಪತ್ತನೆಯ ಶತಮಾನದ್ದು. 1925ರಲ್ಲಿ ಮಾಜಿ ಸೈನಿಕರ ಸಂಸ್ಥೆಯಾದ ಅಮೆರಿಕನ್ ಲೀಜನ್ ಹದಿಹರೆಯದವರಿಗೆ ಪಂದ್ಯಾವಳಿ ಶುರು ಮಾಡಿತು. ಇನ್ನೂ ಚಿಕ್ಕವರಿಗೆ ದಾರಿ ಮಾಡಿದವನು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನ ಕಾರ್ಲ್ ಸ್ಟಾಟ್ಸ್, ಒಬ್ಬ ಸಾಧಾರಣ ಗುಮಾಸ್ತ. ಅಣ್ಣತಮ್ಮಂದಿರ ವಯಸ್ಸಿನ ಇಬ್ಬರು ಹುಡುಗರು, ಅವನ ನೆಂಟರ ಮಕ್ಕಳು, ಅಂಗಳದಲ್ಲಿ ಅವನೊಡನೆ ಆಡುತ್ತಿದ್ದರು. ದೊಡ್ಡ ಹುಡುಗರು ಅವರನ್ನು ಸೇರಿಸುತ್ತಿರಲಿಲ್ಲ. 90 ಅಡಿ ಓಡುವುದು ಈ ಪುಟ್ಟ ಕಾಲುಗಳಿಗೆ ಆಗುವ ಮಾತಲ್ಲ ಎಂದು ಕಂಡು, ಹಳೆಯ ಪತ್ರಿಕೆಗಳನ್ನು ಬೇಸುಗಳಂತೆ ನೆಲಕ್ಕೆ ಹಾಸಿ, ಹುಡುಗರನ್ನು ಓಡಿಸಿ ಓಡಿಸಿ ನೋಡಿ 60 ಅಡಿಗೆ ಇಳಿಸಿದ. ಸಮವಸ್ತ್ರಕ್ಕೆ ದುಡ್ಡಿಗಾಗಿ ಐವತ್ತಕ್ಕೂ ಹೆಚ್ಚು ಬಾಗಿಲು ತಟ್ಟಿ ಬರಿಗೈಯಲ್ಲಿ ಬಂದ. ಕೊನೆಗೆ ಒಂದು ಹಾಲಿನ ಡೈರಿಯವರು 30 ಡಾಲರ್ ಕೊಟ್ಟರು. 1939ರ ಜೂನ್ 6ರಂದು, ಕೂಪರ್ಸ್‌ಟೌನಿನ ಕೀರ್ತಿಮಂದಿರ ತೆರೆಯುವುದಕ್ಕೆ ಆರು ದಿನ ಮೊದಲು, ಲಿಟ್ಲ್ ಲೀಗಿನ ಮೊದಲ ಪಂದ್ಯ ನಡೆಯಿತು. ಮರದ ವ್ಯಾಪಾರಿಯ ತಂಡ ಡೈರಿಯ ತಂಡವನ್ನು 23ಕ್ಕೆ 8ರಿಂದ ಸೋಲಿಸಿತು. ಸಂಸ್ಥೆ ದೇಶವಿಡೀ ಬೆಳೆದ ಮೇಲೆ ಅದನ್ನು ನಡೆಸುವವರಿಗೂ ಸ್ಟಾಟ್ಸನಿಗೂ ಮನಸ್ತಾಪ ಬಂದು, ನ್ಯಾಯಾಲಯದ ಮೆಟ್ಟಿಲು ಹತ್ತಿ, ಅವನು ತಾನು ಕಟ್ಟಿದ್ದರಿಂದ ಹೊರಗೆ ನಡೆದ. ಸಂಘ ಕಟ್ಟಿದ ಯಾರಿಗೂ ಇದು ಹೊಸ ಕಥೆಯಲ್ಲ.

ಬೇಲಿಯ ಪ್ರಶ್ನೆ ಮಕ್ಕಳ ಬೆನ್ನು ಬಿಡಲಿಲ್ಲ. 1955ರಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್ನಿನಲ್ಲಿ, ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಹುಡುಗರ ತಂಡವೊಂದು ಪಂದ್ಯಾವಳಿಗೆ ಹೆಸರು ಕೊಟ್ಟಿತು. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು. ಇವರೊಡನೆ ಆಡುವುದಿಲ್ಲವೆಂದು ಆ ರಾಜ್ಯದ ಬಿಳಿಯರ 61 ತಂಡಗಳು ಹಿಂದೆ ಸರಿದವು. ಎದುರಾಳಿಯೇ ಇಲ್ಲದೆ ಇವರು ರಾಜ್ಯಕ್ಕೆ ಗೆದ್ದಂತಾಯಿತು. ಆದರೆ ಮುಂದಿನ ಹಂತಕ್ಕೆ ಆಡಿ ಗೆದ್ದವರೇ ಬರಬೇಕು ಎಂದು ನಿಯಮ, ಇವರು ಆಡಿರಲಿಲ್ಲ. ಆಡಲು ಬಿಡದವರು ಯಾರು ಎಂದು ಕೇಳುವ ನಿಯಮವಿರಲಿಲ್ಲ. ವಿಲಿಯಮ್ಸ್‌ಪೋರ್ಟಿನ ಅಂತಿಮ ಪಂದ್ಯಕ್ಕೆ ಅವರನ್ನು ಅತಿಥಿಗಳಾಗಿ ಕರೆದರು. ಬಸ್ಸಿನಲ್ಲಿ ಹೋದರು. ಬಯಲಿಗೆ ಇಳಿದು ಸ್ವಲ್ಪ ಹೊತ್ತು ಚೆಂಡು ಎಸೆದು ಹಿಡಿದರು. ನೋಡುತ್ತಿದ್ದ ಜನ, ಆಡಲು ಬಿಡಿ, ಆಡಲು ಬಿಡಿ ಎಂದು ಕೂಗಿದರು. ಬಿಡಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಬೇರೆಯವರ ಆಟ ನೋಡಿ ಹಿಂದಿರುಗಿದರು. 2002ರಲ್ಲಿ, ತಲೆ ನರೆತ ಮೇಲೆ, ಅವರಿಗೆ 1955ರ ರಾಜ್ಯ ವಿಜೇತರ ಪತಾಕೆ ಕೊಟ್ಟರು.

ಹುಡುಗಿಯರಿಗೂ ಇದೇ. 1928ರಲ್ಲಿ ಇಂಡಿಯಾನಾದ ಮಾರ್ಗರೆಟ್ ಗಿಸೊಲೊ ಲೀಜನ್ನಿನ ಪಂದ್ಯಾವಳಿಯಲ್ಲಿ ಆಡಿ ತನ್ನ ತಂಡಕ್ಕೆ ರಾಜ್ಯಪ್ರಶಸ್ತಿ ತಂದಳು. ಮರುವರ್ಷ ಹುಡುಗಿಯರಿಗೆ ನಿಷೇಧ ಬಂತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಥ್ರಿನ್ ಜಾನ್‌ಸ್ಟನ್ ಜಡೆ ಕತ್ತರಿಸಿಕೊಂಡು, ಹುಡುಗನ ಹೆಸರಿನಲ್ಲಿ ಲಿಟ್ಲ್ ಲೀಗಿಗೆ ಸೇರಿ ಚೆನ್ನಾಗಿ ಆಡಿದಳು. ಮರುವರ್ಷ ಅಲ್ಲಿಯೂ ನಿಷೇಧ. ಆಡಬಲ್ಲರೆಂದು ಗೊತ್ತಾದ ಮೇಲೆ ಬೇಡವೆಂದು ಬರೆದದ್ದು ವಿಶೇಷ.

ಕಥೆ ಮತ್ತೆ ಹೊಬೋಕನ್ನಿಗೇ ಬರುತ್ತದೆ. 1972ರಲ್ಲಿ ಅದೇ ಊರಿನ ಹನ್ನೆರಡು ವರ್ಷದ ಹುಡುಗಿ ಮರಿಯಾ ಪೆಪೆ ಊರಿನ ಲಿಟ್ಲ್ ಲೀಗ್ ತಂಡಕ್ಕೆ ಸೇರಿದಳು. ಪಿಚರ್. ಮೂರು ಪಂದ್ಯ ಆಡಿದಳು. ಅವಳನ್ನು ಬಿಡದಿದ್ದರೆ ಇಡೀ ಊರಿನ ಮಾನ್ಯತೆಯನ್ನೇ ರದ್ದು ಮಾಡುತ್ತೇವೆಂದು ಮೇಲಿನವರು ಹೇಳಿದರು. ಅವಳು ಟೋಪಿಯನ್ನು ಇಟ್ಟುಕೊಂಡು ಉಡುಪನ್ನು ಹಿಂದಿರುಗಿಸಿದಳು. ಮಹಿಳೆಯರ ಸಂಘಟನೆಯೊಂದು ಅವಳ ಪರವಾಗಿ ದೂರು ಕೊಟ್ಟಿತು. ವಿಚಾರಣೆಯಲ್ಲಿ ಹುಡುಗಿಯರ ಎಲುಬು ಹುಡುಗರದಷ್ಟು ಗಟ್ಟಿಯಲ್ಲವೆಂಬ ವಾದ ಬಂತು. ವಿಚಾರಣೆ ನಡೆಸಿದ ಸಿಲ್ವಿಯಾ ಪ್ರೆಸ್ಲರ್ 1973ರ ನವೆಂಬರಿನಲ್ಲಿ ಹುಡುಗಿಯರ ಪರವಾಗಿ ತೀರ್ಪಿತ್ತರು. ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹುಡುಗಿಯರನ್ನು ಸೇರಿಸುವುದಕ್ಕಿಂತ ಆಟವನ್ನೇ ನಿಲ್ಲಿಸುತ್ತೇವೆಂದು ಹೊರಟ ಊರುಗಳೂ ಆ ರಾಜ್ಯದಲ್ಲಿದ್ದವು. 1974ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ನಿಯಮ ಬದಲಾಯಿತು. ಅಷ್ಟರಲ್ಲಿ ಮರಿಯಾಗೆ ಹದಿನಾಲ್ಕು. ಲಿಟ್ಲ್ ಲೀಗಿನ ವಯಸ್ಸು ಮೀರಿತ್ತು. 2004ರ ಅಂತಿಮ ಪಂದ್ಯಾವಳಿಯಲ್ಲಿ ಗೌರವಾರ್ಥವಾಗಿ ಒಂದು ಚೆಂಡು ಎಸೆಯಲು ಅವಳನ್ನು ಕರೆದರು. ಅದಾಗಿ ಹತ್ತು ವರ್ಷಕ್ಕೆ, 2014ರಲ್ಲಿ, ಕ್ಯಾಟೊನ ಊರಾದ ಫಿಲಡೆಲ್ಫಿಯಾದಿಂದ ಬಂದ ಮೊನೆ ಡೇವಿಸ್ ಎಂಬ ಹದಿಮೂರು ವರ್ಷದ ಕಪ್ಪು ಹುಡುಗಿ ಅದೇ ಪಂದ್ಯಾವಳಿಯಲ್ಲಿ ಎದುರಾಳಿಗೆ ಒಂದು ರನ್ನೂ ಕೊಡದೆ ಗೆದ್ದಳು.

ಊರಿಗೆ ಹಿಂದಿರುಗುವ ಮುನ್ನ ಒಂದು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಈಗ ಕಣ್ಣು ಮಂಜು, ಸೂಜಿ ಪೋಣಿಸಲು ಸೊಸೆ ಬೇಕು. ಮೊಮ್ಮಗಳ ಆಟದ ಸುದ್ದಿ ಹೇಳಿದೆ. ಕುದುರೆ ತೊಗಲಿನ ಚೆಂಡು ಹೊಲಿದ ಡಾಕ್ಟರನ ಕಥೆ ಹೇಳಿದೆ. ಅದಕ್ಕೆ ಅವಳು, ಟ್ಯೂಬಿನ ಉಂಗುರ ಬಿಗಿಯಾಗಿ ಹಾಕದಿದ್ದರೆ ಎಂಥ ತೊಗಲು ಹೊದಿಸಿದರೂ ಹೊಲಿಗೆ ನಿಲ್ಲುವುದಿಲ್ಲ ಎಂದಳು, ಆ ಡಾಕ್ಟರನಿಗೆ ಬುದ್ಧಿ ಹೇಳುವವಳಂತೆ. ಮರಿಯಾಳ ಕಥೆಯನ್ನೂ ಹೇಳಿದೆ.

"ಆಮೇಲೆ ಆ ಹುಡುಗಿ ಆಡಿದ್ಳೇನೋ?" ಎಂದು ಕೇಳಿದಳು.

"ಇಲ್ಲ ಅಕ್ಕ. ತೀರ್ಪು ಬರೋ ಹೊತ್ತಿಗೆ ವಯಸ್ಸು ಮೀರಿತ್ತು."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

"ಹಂಗಾದ್ರೆ ಬೇರೆಯವರಿಗೆ ಚೆಂಡು ಹೊಲಿದು ಕೊಟ್ಟಂಗಾಯ್ತು, ಬಿಡು" ಎಂದಳು. ಆಮೇಲೆ, ನಮ್ಮನೆ ಹುಡುಗಿಗೆ ಗುರಿ ಹೇಗಿದೆ ಎಂದು ವಿಚಾರಿಸಿದಳು.